ಒಂದು ಕಪ್ಪು ಕವರ್ ಎಲ್ಲೆಲ್ಲಿ ಹೋಗುತ್ತದೆ?

"ಸಾರ್, ಇದು ಮಿಕ್ಸು. ತಗೊಳ್ಳಲ್ಲ."

ಬೆಳಿಗ್ಗೆ ಏಳೂವರೆ. ಕಸದ ಆಟೋ ಗೇಟಿನ ಮುಂದೆ ನಿಂತಿತ್ತು. ನಾನು ಕೊಟ್ಟ ಕಪ್ಪು ಕವರನ್ನು ಆಟೋದ ಜೊತೆ ಬರುವ ಕಸದ ಕೆಲಸದ ಅಕ್ಕ ಒಮ್ಮೆ ಮೇಲೆತ್ತಿ ಅಲ್ಲಾಡಿಸಿ ನೋಡಿದರು. ಗಂಟೂ ಬಿಚ್ಚದೆ ವಾಪಸ್ ಕೊಟ್ಟುಬಿಟ್ಟರು. ಬಿಚ್ಚದೆ ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಕೆಳಗೆ ನೀರು ಸೋರ್ತಿದೆ, ಒಳಗೆ ಬಾಟ್ಲಿ ಸದ್ದು ಮಾಡ್ತಿದೆ. ಇನ್ನೇನು ಬಿಚ್ಚಿ ನೋಡೋದು?" ಎಂದು ಮುಂದಿನ ಮನೆಗೆ ಹೋದರು.

ಸಿಟ್ಟು ಬಂತು, ನಿಜ. ಆಮೇಲೆ ಕುತೂಹಲವೂ ಬಂತು. ಟೆರೇಸಿನ ಮೇಲೆ ಹಳೇ ಪೇಪರ್ ಹಾಸಿ ಆ ಕವರನ್ನು ಸುರಿದೆ. ಹುರುಳಿಕಾಯಿ ನಾರು, ಹಳಸಿದ ಅನ್ನ, ಸೋಸಿದ ಟೀ ಪುಡಿ, ಮೂರು ಹಾಲಿನ ಕವರ್, ಒಂದು ಪಾರ್ಸೆಲ್ ರಟ್ಟು, ಶಾಂಪೂ ಬಾಟಲಿ, ಖಾಲಿ ಮಾತ್ರೆ ಪಟ್ಟಿ, ಗೋಡೆ ಗಡಿಯಾರದ ಸತ್ತ ಸೆಲ್, ಒಂದು ಶೇವಿಂಗ್ ಬ್ಲೇಡು. ಇಷ್ಟೇ. ಎರಡು ದಿನದ ಕಸ.

ಇದರಲ್ಲಿ ಯಾವುದೂ ಒಂಟಿಯಾಗಿದ್ದಾಗ ದೊಡ್ಡ ತಲೆನೋವಲ್ಲ. ಅನ್ನ ಗೊಬ್ಬರವಾಗುತ್ತದೆ. ರಟ್ಟಿಗೆ ಗುಜರಿಯವರು ಕಾಸು ಕೊಡುತ್ತಾರೆ. ಬಾಟಲಿ ಕರಗಿ ಇನ್ನೊಂದು ಬಕೆಟ್ ಆಗಬಹುದು. ಆದರೆ ಎರಡು ದಿನ ಒಂದೇ ಕವರಿನಲ್ಲಿ ಕೂತ ಮೇಲೆ ರಟ್ಟು ಅನ್ನದ ನೀರಿನಲ್ಲಿ ನೆನೆದು ಮೆತ್ತಗಾಗಿತ್ತು. ಹಾಲಿನ ಕವರಿಗೆ ಟೀ ಪುಡಿ ಮೆತ್ತಿಕೊಂಡಿತ್ತು. ಬ್ಲೇಡು ಅನ್ನದೊಳಗೆ ಹೂತುಹೋಗಿತ್ತು. ಅಕ್ಕ ಕವರಿಗೆ ಕೈ ಹಾಕಿದ್ದರೆ ಮೊದಲು ಸಿಗುತ್ತಿದ್ದುದು ಅದೇ. ಒಂಬತ್ತು ಬಗೆಯ ವಸ್ತು ಹೋಗಿ ಒಂದೇ ಹೆಸರು ಉಳಿದಿತ್ತು: ಮಿಕ್ಸು.

ಮಾಲಿನ್ಯದ ಬಗ್ಗೆ ಏನೇ ಓದಿದರೂ ನನಗೆ ಈಗ ಟೆರೇಸಿನ ಮೇಲೆ ಹಾಸಿದ ಆ ಪೇಪರೇ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡಿದೆ.

ನಾಲ್ಕು ಅಂಕಕ್ಕೆ ನಾಲ್ಕು ವಿಧ

ಶಾಲೆಯಲ್ಲಿ ನಾವೆಲ್ಲ ಪ್ರಬಂಧ ಬರೆದವರೇ. ವಾಯು ಮಾಲಿನ್ಯ, ಜಲ ಮಾಲಿನ್ಯ, ನೆಲ ಮಾಲಿನ್ಯ, ಶಬ್ದ ಮಾಲಿನ್ಯ. ಒಂದೊಂದಕ್ಕೆ ಒಂದು ಪ್ಯಾರಾ, ಒಂದು ಅಂಕ.

ಶಬ್ದದ್ದು ಬೇಗ ಮುಗಿಸೋಣ. ಭಾರತದಲ್ಲಿ 2000ನೇ ಇಸವಿಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಗಣೇಶನ ಪೆಂಡಾಲ್ ಪಕ್ಕದ ಮನೆಯವರನ್ನು ಕೇಳಿ, ಈ ಮಿತಿ ಎಷ್ಟು ಪಾಲನೆಯಾಗುತ್ತದೆ ಎಂದು ಅವರೇ ಹೇಳುತ್ತಾರೆ. ಆದರೆ ಶಬ್ದಕ್ಕೆ ಒಂದು ಗುಣವಿದೆ. ಸ್ಪೀಕರ್ ಆಫ್ ಮಾಡಿದರೆ ಅದು ಅಲ್ಲಿಗೆ ನಿಲ್ಲುತ್ತದೆ. ಕೆಟ್ಟ ಕಿವಿ, ಕೆಟ್ಟ ನಿದ್ದೆ ಉಳಿಯಬಹುದು, ಶಬ್ದ ಎಲ್ಲೂ ಗುಡ್ಡೆ ಬೀಳುವುದಿಲ್ಲ.

ಉಳಿದ ಮೂರು ಹಾಗಲ್ಲ. ಅವು ಸೇರುತ್ತಾ ಹೋಗುತ್ತವೆ, ಮತ್ತು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಇದನ್ನು ಪ್ರಬಂಧದಲ್ಲಿ ಯಾರೂ ಬರೆಸಲಿಲ್ಲ. ಹೊಗೆಯ ಮಸಿ ಮಳೆಯಲ್ಲಿ ಇಳಿದು ಕೆರೆಗೆ ಬರುತ್ತದೆ. ಕೆರೆಯ ಹೂಳು ಹೊಲಕ್ಕೆ ಹೋಗುತ್ತದೆ. ಹೊಲದ ಮಣ್ಣು ಧೂಳಾಗಿ ಮತ್ತೆ ಗಾಳಿಗೆ ಏರುತ್ತದೆ. ಗಾಳಿ, ನೀರು, ಮಣ್ಣು ಅನ್ನುವ ಗಡಿ ನಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ.

ಹಾಗಾದರೆ ನನ್ನ ಆ ಕಪ್ಪು ಕವರನ್ನು ಅಕ್ಕ ತೆಗೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು? ಗುಡ್ಡೆಯ ತನಕ ಅದರ ಹಿಂದೆ ಹೋಗಿ ನೋಡೋಣ.

ಗುಡ್ಡೆಯ ಹೊಟ್ಟೆಯೊಳಗೆ

ಕಸದ ಗುಡ್ಡೆಯನ್ನು ನಾವು ಸತ್ತ ವಸ್ತು ಅಂದುಕೊಳ್ಳುತ್ತೇವೆ. ಅದು ಜೀವಂತ ಹೊಟ್ಟೆಯಿದ್ದ ಹಾಗೆ. ಸದಾ ಜೀರ್ಣ ಮಾಡಿಕೊಳ್ಳುತ್ತಲೇ ಇರುತ್ತದೆ.

ಮೊದಲ ಕೆಲವು ದಿನ ಗುಡ್ಡೆಯೊಳಗೆ ಸ್ವಲ್ಪ ಗಾಳಿ ಇರುತ್ತದೆ. ಗಾಳಿ ಬೇಕಾದ ಬ್ಯಾಕ್ಟೀರಿಯಾಗಳು ಅನ್ನ, ತರಕಾರಿ ಸಿಪ್ಪೆಯನ್ನು ತಿನ್ನುತ್ತವೆ. ಮೇಲಿಂದ ಮತ್ತೆ ಮತ್ತೆ ಲೋಡು ಬೀಳುತ್ತದೆ, ಪ್ಲಾಸ್ಟಿಕ್ ಹಾಳೆಗಳು ಹೊದಿಕೆಯಂತೆ ಮುಚ್ಚುತ್ತವೆ, ಗಾಳಿ ಮುಗಿಯುತ್ತದೆ. ಆಗ ಗಾಳಿಯೇ ಬೇಡದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳ ಸರದಿ. ಇವು ಅದೇ ಅನ್ನವನ್ನು ಮೊದಲು ಹುಳಿ ಮಾಡುತ್ತವೆ. ದೋಸೆ ಹಿಟ್ಟು ಹುಳಿ ಬರುವುದು ಗೊತ್ತಲ್ವಾ, ಹೆಚ್ಚುಕಡಿಮೆ ಹಾಗೆ. ಹುಳಿಯಾದ ಈ ನೀರು ಮಳೆನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಕಸದ ಕೆಲಸದವರು ಇದನ್ನು ಲೀಚೇಟ್ ಎನ್ನುತ್ತಾರೆ. ಕಸದ ರಸ ಎಂದರೂ ಸರಿಯೇ. ಕಪ್ಪು ಬಣ್ಣ, ಒಮ್ಮೆ ಮೂಗಿಗೆ ಹೊಡೆದರೆ ಮರೆಯದ ವಾಸನೆ. ರಸ್ತೆಯಲ್ಲಿ ಕಸದ ಲಾರಿ ಹೋದ ಮೇಲೆ ಒಂದು ಕಪ್ಪು ಗೆರೆ ಉಳಿಯುತ್ತದಲ್ಲ, ಅದೇ.

ಈ ರಸಕ್ಕೆ ಹುಳಿ ಇದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಹುಣಸೆಹಣ್ಣಿನಿಂದ ಹಿತ್ತಾಳೆ ಪಾತ್ರೆ ತಿಕ್ಕಿದರೆ ಫಳಫಳ ಹೊಳೆಯುತ್ತದೆ, ಯಾಕೆ? ಹುಳಿ ಲೋಹದ ಕಿಲುಬನ್ನು ಕರಗಿಸುತ್ತದೆ. ಕಸದ ರಸ ಮಾಡುವುದೂ ಅದೇ ಕೆಲಸ. ಸೆಲ್, ಮುರಿದ ಚಾರ್ಜರ್, ಬಣ್ಣದ ಡಬ್ಬಿ, ಒಡೆದ ಟ್ಯೂಬ್‌ಲೈಟು ಇವುಗಳಿಂದ ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಪಾದರಸದಂಥ ಲೋಹಗಳನ್ನು ಬಿಡಿಸಿಕೊಂಡು ಹೋಗುತ್ತದೆ. ಒಣಗಿದ ಡಬ್ಬಿಯಲ್ಲಿಟ್ಟ ಸತ್ತ ಸೆಲ್ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಅದನ್ನು ಅನ್ನದ ಜೊತೆ ಹಾಕಿದಾಗಲೇ ಅದಕ್ಕೆ ಕಾಲು ಬರುವುದು.

ರಸ ನೀರಿಗೆ ಸೇರಿದರೆ ಇನ್ನೊಂದು ಹಾನಿ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದು ಊಟ. ಊಟ ಜಾಸ್ತಿಯಾದಷ್ಟೂ ಅವು ನೀರಿನ ಆಮ್ಲಜನಕ ಬಳಸುತ್ತವೆ, ಮೀನಿಗೆ ಉಸಿರಾಡಲು ಉಳಿಯುವುದಿಲ್ಲ. ಈ ಹಸಿವನ್ನು ಅಳೆಯಲು ಬಿಒಡಿ ಎಂಬ ಲೆಕ್ಕವಿದೆ. ಮನೆಗಳಿಂದ ಬರುವ ಕೊಳಚೆ ನೀರಿನಲ್ಲಿ ಅದು ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ಹೊಸ ಗುಡ್ಡೆಯ ರಸದಲ್ಲಿ ಸಾವಿರಗಳ ಲೆಕ್ಕ, ಕೆಲವೊಮ್ಮೆ ಹತ್ತು ಸಾವಿರವನ್ನೂ ದಾಟುತ್ತದೆ. ಒಂದು ಬಕೆಟ್ ರಸ ಹತ್ತಾರು ಬಕೆಟ್ ಚರಂಡಿ ನೀರಿಗೆ ಸಮ ಅನ್ನಿ.

ಹುಳಿಯ ಹಂತ ಮುಗಿದ ಮೇಲೆ ಗುಡ್ಡೆ ಗ್ಯಾಸ್ ಬಿಡಲು ಶುರು ಮಾಡುತ್ತದೆ. ಹೆಚ್ಚಿನದು ಮೀಥೇನ್ ಮತ್ತು ಇಂಗಾಲದ ಡೈ ಆಕ್ಸೈಡ್. ಹಳ್ಳಿಯ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಮೀಥೇನ್. ಅಲ್ಲಿ ಅದನ್ನು ಹಿಡಿದು ಕಾಫಿ ಕಾಯಿಸುತ್ತಾರೆ. ಇಲ್ಲಿ ಅದು ಸುಮ್ನೆ ಆಕಾಶಕ್ಕೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಗುಡ್ಡೆಯ ಒಳಗೆ ಬಿಸಿ ಇದೆ, ಗ್ಯಾಸ್ ಇದೆ, ಒಣ ಪ್ಲಾಸ್ಟಿಕ್ ಇದೆ. ಬೇಸಿಗೆಯಲ್ಲಿ ಎಲ್ಲೋ ಒಂದು ಕಿಡಿ ಸಾಕು. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್‌ನಲ್ಲಿ ಕಸದ ಗುಡ್ಡೆಗೆ ಬೆಂಕಿ ಹತ್ತಿದಾಗ ಹತ್ತು ದಿನ ಕಳೆದರೂ ಹೊಗೆ ನಿಂತಿರಲಿಲ್ಲ. ಮೇಲೆ ನೀರು ಸುರಿದರೆ ಮೇಲಿನದು ಆರುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ.

ನೋಡಿ, ಒಂದೇ ಕವರು. ಅನ್ನ ಮೀಥೇನ್ ಆಗಿ ಗಾಳಿಗೆ ಹೋಯಿತು. ಸೆಲ್ಲಿನ ಲೋಹ ರಸವಾಗಿ ಅಂತರ್ಜಲಕ್ಕೆ ಇಳಿಯಿತು. ಹಾಲಿನ ಕವರು ಚೂರುಚೂರಾಗಿ ಮಣ್ಣಿನಲ್ಲಿ ಉಳಿಯಿತು.

ಗುಡ್ಡೆ ನಡೆದು ಬಂದ ದಿನ

ಮಂಗಳೂರಿನ ಪಚ್ಚನಾಡಿಯ ವಿಷಯ ಕರಾವಳಿಯವರಿಗೆ ಗೊತ್ತಿರುತ್ತದೆ, ಘಟ್ಟದ ಮೇಲಿನವರು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ವಾಮಂಜೂರಿನ ಹತ್ತಿರ ಎತ್ತರದ ಜಾಗದಲ್ಲಿ ನಗರದ ಕಸ ಸುರಿಯುತ್ತಿದ್ದರು. ಕೆಳಗೆ ಮಂದಾರ ಎಂಬ ಊರು. ತೆಂಗು, ಅಡಿಕೆ ತೋಟ, ಮನೆಗಳು. 2019ರ ಆಗಸ್ಟ್ ತಿಂಗಳ ಜೋರು ಮಳೆಯಲ್ಲಿ ಆ ಗುಡ್ಡೆ ಜಾರಿ ಕೆಳಗಿಳಿಯಿತು. ಒಂದೇ ಸಲ ಬಿದ್ದು ನಿಲ್ಲಲಿಲ್ಲ. ದಿನಗಟ್ಟಲೆ ಮೆಲ್ಲಗೆ ಮುಂದೆ ಬಂತು, ತೋಟದೊಳಗೆ ನುಗ್ಗಿತು, ಮನೆಗಳನ್ನು ಮುಚ್ಚಿತು. ಕುಟುಂಬಗಳು ಸಾಮಾನು ಎತ್ತಿಕೊಂಡು ಬೇರೆ ಕಡೆ ಹೋಗಬೇಕಾಯಿತು. ಅಡಿಕೆ ಮರಗಳ ನಡುವೆ ಪ್ಲಾಸ್ಟಿಕ್ಕಿನ ಪ್ರವಾಹ ನಿಂತ ಚಿತ್ರ ನೋಡಿದ ಯಾರಿಗೂ ಅದು ಮರೆಯುವುದಿಲ್ಲ.

ಕಸ ಯಾಕೆ ಜಾರುತ್ತದೆ? ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಹಸಿ ಕಸ ಸ್ಪಂಜಿನ ಹಾಗೆ ನೀರು ಹೀರಿ ಭಾರವಾಗುತ್ತದೆ. ನಡುನಡುವೆ ಇರುವ ಪ್ಲಾಸ್ಟಿಕ್ ಹಾಳೆಗಳು ನೀರು ಕೆಳಗಿಳಿಯಲು ಬಿಡುವುದಿಲ್ಲ, ಜೊತೆಗೆ ಜಾರುಬಂಡೆಯಾಗುತ್ತವೆ. ಒಳಗೆ ಸಿಕ್ಕಿಬಿದ್ದ ನೀರು, ಗ್ಯಾಸು ಕಸದ ಪದರಗಳನ್ನು ಒಂದರಿಂದ ಒಂದು ಬಿಡಿಸುವ ಹಾಗೆ ಒತ್ತುತ್ತವೆ. ಬರೀ ಹಸಿ ಕಸ ಇದ್ದಿದ್ದರೆ ಅದು ಕೊಳೆತು ಕುಗ್ಗುತ್ತಿತ್ತು. ಬರೀ ಪ್ಲಾಸ್ಟಿಕ್ ಇದ್ದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ. ಇಲ್ಲೂ ಕೆಲಸ ಕೆಡಿಸಿದ್ದು ಬೆರಕೆ.

ಬೆಂಗಳೂರಿನವರು ಇದನ್ನು ಓದಿ ಅಯ್ಯೋ ಪಾಪ ಅನ್ನಬೇಕಾಗಿಲ್ಲ. ನಮಗೆ ನಮ್ಮ ಮಾವಳ್ಳಿಪುರ ಇದೆ, ಮಂಡೂರು ಇದೆ. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಭಾರ ಪೂರ್ತಿ ಮಂಡೂರಿನ ಮೇಲೆ ಬಿತ್ತು. ಅಲ್ಲಿನ ಜನ ಲಾರಿಗಳನ್ನು ತಡೆದು, ಧರಣಿ ಕೂತು, ಕೊನೆಗೆ 2014ರ ಡಿಸೆಂಬರ್‌ನಿಂದ ಅಲ್ಲೂ ನಿಂತಿತು. ಆಮೇಲೆ? ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಹಳೇ ಕಲ್ಲು ಕ್ವಾರಿಗಳು. ನಗರದ ಕಸಕ್ಕೆ ಯಾವಾಗಲೂ ಒಂದು ಹಳ್ಳಿ ಬೇಕು. ಆ ಹಳ್ಳಿಯ ಬೋರ್‌ವೆಲ್ ನೀರು ಬಣ್ಣ ತಿರುಗುವ ತನಕ ನಗರದವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ.

ಬೆಂಗಳೂರು ಒಂದೇ ಹೀಗೆ ಅಂತಲ್ಲ. 2015 ಮತ್ತು 2016ರಲ್ಲಿ ಸ್ವಚ್ಛ ನಗರಗಳ ಪಟ್ಟಿಯಲ್ಲಿ ದೇಶಕ್ಕೇ ಮೊದಲು ಬಂದ ಮೈಸೂರಿನಲ್ಲೂ ನಗರದ ಕಸ ಹೋಗುವ ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್ ಹತ್ತಿರದವರನ್ನು ಮಾತಾಡಿಸಿ. ಅವರ ಮೂಗು ಬೇರೆ ಕಥೆ ಹೇಳುತ್ತದೆ.

ಕವರಿಲ್ಲದ ಕಸ

ಕಸ ಅಂದರೆ ಕವರಿನಲ್ಲಿ ಕಟ್ಟುವುದು ಮಾತ್ರ ಅಂದುಕೊಂಡರೆ ಅರ್ಧ ಲೆಕ್ಕ ತಪ್ಪುತ್ತದೆ. ಬಚ್ಚಲಿನ ತೂತಿನಲ್ಲಿ ಹೋಗುವುದೂ ಕಸವೇ.

ಬೆಳ್ಳಂದೂರು ಕೆರೆಯ ನೊರೆ ನೆನಪಿದೆಯಲ್ವಾ? ಕೋಡಿಯ ಹತ್ತಿರ ಹಿಮದ ಹಾಗೆ ಎದ್ದು, ಗಾಳಿಗೆ ಹಾರಿ, ಬೈಕಿನವರ ಮುಖಕ್ಕೆ ಬಂದು ಕೂರುತ್ತಿತ್ತು. ಸುಮಾರು 900 ಎಕರೆಯ ಕೆರೆ ಅದು. ಎಲ್ಲರೂ ಯಾವುದೋ ಫ್ಯಾಕ್ಟರಿಯ ಕೆಮಿಕಲ್ ಅಂದರು. ಫ್ಯಾಕ್ಟರಿಯದೂ ಸ್ವಲ್ಪ ಇರಬಹುದು. ಆದರೆ ನೊರೆಯ ದೊಡ್ಡ ಪಾಲು ನಮ್ಮ ಬಟ್ಟೆ ಸೋಪು, ಪಾತ್ರೆ ಸೋಪು, ಶಾಂಪೂಗಳದ್ದು. ಶುದ್ಧ ಮಾಡದ ಕೊಳಚೆ ನೀರು ರಾಜಕಾಲುವೆಯಲ್ಲಿ ಕೆರೆಗೆ ಬರುತ್ತದೆ. ಸೋಪಿನ ಅಂಶ ತಳದ ಹೂಳಿನಲ್ಲಿ ತಿಂಗಳುಗಟ್ಟಲೆ ಸೇರುತ್ತದೆ. ಮಳೆ ಬಂದು ನೀರು ಕಲಕಿದಾಗ ಮೇಲೆ ಬರುತ್ತದೆ. ಕೋಡಿಯಿಂದ ಧುಮ್ಮಿಕ್ಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಮಜ್ಜಿಗೆ ಕಡೆದ ಹಾಗೆ, ಅಷ್ಟೇ.

2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಇನ್ನೊಮ್ಮೆ ಕೆರೆ ಹೊತ್ತಿತು. ಆ ಮೂರನೇ ಸಲ ಸೇನೆಯವರೂ ಬಂದು ಆರಿಸಬೇಕಾಯಿತು. ನೀರಿಗೆ ಬೆಂಕಿ ಹತ್ತುವುದು ಎಂದರೆ ಗಾದೆಯಲ್ಲಿ ಬರಬೇಕಾದ ಮಾತು. ಜಲ ಮಾಲಿನ್ಯ ವಾಯು ಮಾಲಿನ್ಯವಾಗುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲೂ ನೊರೆ ಏಳುತ್ತದೆ. ಊರಿನ ಇನ್ನೊಂದು ಬದಿಯ ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಕಾವೇರಿಯ ನೀರನ್ನು ಪಂಪ್ ಮಾಡಿ ಬೆಂಗಳೂರಿಗೆ ತರುತ್ತೇವೆ, ಕೊಳೆ ಮಾಡಿ ಕಾವೇರಿಗೇ ಬಿಡುತ್ತೇವೆ.

ಮನೆಯ ಮಟ್ಟದಲ್ಲಿ ಇದಕ್ಕೆ ಮಾಡುವಂಥದ್ದು ಸಣ್ಣದೇ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಅದು ಪೈಪಿನೊಳಗೆ ಗಟ್ಟಿಯಾಗಿ ಮ್ಯಾನ್‌ಹೋಲ್ ಕಟ್ಟಿಕೊಳ್ಳುವ ಹಾಗೆ ಮಾಡುತ್ತದೆ. ಹಳೇ ಮಾತ್ರೆ, ಸಿರಪ್ಪನ್ನು ಕಮೋಡಿಗೆ ಹಾಕಬೇಡಿ. ಚರಂಡಿಗೆ ಹೋದ ಆಂಟಿಬಯಾಟಿಕ್ ಅಲ್ಲಿನ ರೋಗಾಣುಗಳಿಗೆ ಔಷಧಿ ತಡೆದುಕೊಳ್ಳುವ ತರಬೇತಿ ಕೊಟ್ಟ ಹಾಗೆ. ಉಳಿದದ್ದು ದೊಡ್ಡ ಕೆಲಸ, ಶುದ್ಧೀಕರಣ ಘಟಕಗಳದ್ದು. ಅದನ್ನು ಸೋಪು ಕಮ್ಮಿ ಬಳಸಿ ಅನ್ನುವ ಉಪದೇಶದಲ್ಲಿ ತೇಲಿಸಿಬಿಡುವುದು ತಿಪ್ಪೆ ಸಾರಿಸಿದಂತಾಗುತ್ತದೆ.

ಸುಟ್ಟರೆ ಮುಗೀತು?

ನಮ್ಮ ಬೀದಿಯ ಮೂಲೆಯಲ್ಲಿ ಚಳಿಗಾಲದ ಬೆಳಿಗ್ಗೆ ಒಣಗಿದ ಎಲೆ ಗುಡಿಸಿ ಬೆಂಕಿ ಹಾಕುವುದು ಬಹಳ ದಿನದಿಂದ ಇದೆ. ಎಲೆಯ ಜೊತೆ ಚಿಪ್ಸ್ ಪ್ಯಾಕೆಟ್, ಮುರಿದ ಪೈಪು, ವೈರಿನ ಸಿಪ್ಪೆಯೂ ಸೇರುತ್ತದೆ. ಸುಟ್ಟರೆ ಕಸ ಮಾಯ ಅಂತ ಅನಿಸುತ್ತದೆ, ಯಾಕೆಂದರೆ ಗುಡ್ಡೆ ಕಾಣಿಸುವುದಿಲ್ಲ.

ಪಿವಿಸಿ ಪೈಪು, ವೈರಿನ ಹೊದಿಕೆಯಲ್ಲಿ ಕ್ಲೋರಿನ್ ಇರುತ್ತದೆ. ಕಡಿಮೆ ಬಿಸಿಯಲ್ಲಿ ಹೊಗೆಯಾಡುತ್ತಾ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 200ರಿಂದ 450 ಡಿಗ್ರಿ ಸೆಲ್ಸಿಯಸ್ ನಡುವೆ ಅದು ಚೆನ್ನಾಗಿ ಹುಟ್ಟುತ್ತದೆ, ಮೈಯ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಹೋಗುವುದಿಲ್ಲ. ಅದಕ್ಕೇ ಆಸ್ಪತ್ರೆ ಕಸ ಸುಡುವ ಯಂತ್ರಗಳಿಗೆ ಎರಡು ಕೋಣೆ ಇರಬೇಕು, ಎರಡನೆಯದರಲ್ಲಿ ಹೊಗೆಯನ್ನೇ ಸುಮಾರು 1050 ಡಿಗ್ರಿಯಲ್ಲಿ ಮತ್ತೆ ಸುಡಬೇಕು ಅಂತ ನಿಯಮ. ಬೀದಿಯ ಬೆಂಕಿ ಅದರ ಹತ್ತಿರವೂ ಸುಳಿಯುವುದಿಲ್ಲ.

ಇನ್ನು ಹೊಗೆಯ ಕಣಗಳು. ಪಿಎಂ 2.5 ಎಂಬ ಮಾತು ಪೇಪರಿನಲ್ಲಿ ದಿನಾ ಬರುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣ ಎಂದರ್ಥ. ನಮ್ಮ ತಲೆಗೂದಲು 50ರಿಂದ 70 ಮೈಕ್ರಾನ್ ದಪ್ಪ. ಮೂಗಿನ ಕೂದಲು, ಗಂಟಲಿನ ಕಫ ಇಷ್ಟು ಸಣ್ಣದನ್ನು ಹಿಡಿಯಲಾರವು, ಶ್ವಾಸಕೋಶದ ಆಳಕ್ಕೆ ನೇರ ಹೋಗುತ್ತದೆ. ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 5 ಸಾಕು ಎಂದಿತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ.

ಹಸಿ ಕಸ: ನಾನು ಕೆಡಿಸಿದ ಮೊದಲ ಬಕೆಟ್

ನಮ್ಮ ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಹಾಗಾಗಿ ಅದೊಂದನ್ನು ಬೇರೆ ಮಾಡಿದರೆ ಉಳಿದದ್ದೆಲ್ಲ ತಾನಾಗೇ ಒಣಗಿ, ನಾತವಿಲ್ಲದೆ ನಿಲ್ಲುತ್ತದೆ.

ಅಕ್ಕ ಕವರ್ ವಾಪಸ್ ಕೊಟ್ಟ ವಾರವೇ ಉತ್ಸಾಹದಲ್ಲಿ ಒಂದು ಹಳೇ ಬಕೆಟ್ಟಿಗೆ ಹಸಿ ಕಸ ತುಂಬಿಸಿ ಮುಚ್ಚಳ ಬಿಗಿಯಾಗಿ ಹಾಕಿಟ್ಟೆ. ಗೊಬ್ಬರವಾಗಲಿ ಎಂದು. ಎಂಟನೇ ದಿನ ತೆರೆದರೆ ಚರಂಡಿಯ ನಾತ, ತಳದಲ್ಲಿ ಕಪ್ಪು ನೀರು, ಬಿಳಿ ಹುಳುಗಳು. ನಾನು ಮನೆಯಲ್ಲೇ ಒಂದು ಸಣ್ಣ ಮಂಡೂರು ಮಾಡಿದ್ದೆ.

ಅಮ್ಮ ಬಂದು ನೋಡಿ ನಕ್ಕರು. "ತಿಪ್ಪೆಗೆ ಯಾರಾದ್ರೂ ಮುಚ್ಚಳ ಹಾಕ್ತಾರೇನೋ? ಊರಲ್ಲಿ ಕೊಟ್ಟಿಗೆಯ ಹುಲ್ಲು, ಒಣ ಸೊಪ್ಪು ಹಾಕಿ ಹಾಕಿ ಮೇಲೆ ಸಗಣಿ ಸುರೀತಿದ್ವಿ. ಬರೀ ಅನ್ನ ಸುರಿದ್ರೆ ನಾರದೆ ಇನ್ನೇನಾಗುತ್ತೆ?"

ಅಮ್ಮ ಹೇಳಿದ್ದನ್ನೇ ವಿಜ್ಞಾನದವರು ಬೇರೆ ಮಾತಿನಲ್ಲಿ ಹೇಳುತ್ತಾರೆ. ಗೊಬ್ಬರ ಮಾಡುವ ಬ್ಯಾಕ್ಟೀರಿಯಾಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಬೇಕು. ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿದರೆ ಹದ ಬರುತ್ತದೆ. ಒಣ ಎಲೆ ನೀರನ್ನು ಹೀರುತ್ತದೆ, ನಡುವೆ ಸಂದು ಬಿಟ್ಟು ಗಾಳಿ ಆಡಿಸುತ್ತದೆ. ಗಾಳಿ ಇದ್ದರೆ ಮೀಥೇನ್ ಹುಟ್ಟುವುದಿಲ್ಲ, ನಾತವೂ ಇಲ್ಲ. ಬೀದಿ ಮೂಲೆಯಲ್ಲಿ ಸುಡುತ್ತಿದ್ದ ಎಲೆಯನ್ನೇ ಒಂದು ಚೀಲದಲ್ಲಿ ತುಂಬಿ ತಂದೆ.

ಎರಡನೇ ಬಕೆಟ್ಟಿಗೆ ಸುತ್ತಲೂ ತೂತು ಕೊರೆದೆ. ತಳಕ್ಕೆ ಎಲೆ. ಒಂದು ಹಿಡಿ ಹಸಿ ಕಸಕ್ಕೆ ಒಂದು ಹಿಡಿ ಎಲೆ. ಮೊದಲ ಸಲ ಒಂದಿಷ್ಟು ಹುಳಿ ಮಜ್ಜಿಗೆ ಚಿಮುಕಿಸಿದೆ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಮಗುಚುವುದು. ತೇವದ ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಸುರಿದರೆ ಎಲೆ ಹಾಕಿ, ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ. ವಾರದೊಳಗೆ ಕೈ ಇಟ್ಟರೆ ಬಿಸಿ ತಾಕಿತು. ಎರಡು ತಿಂಗಳು ದಾಟಿದ ಮೇಲೆ ಕಪ್ಪು ಪುಡಿ, ಮೊದಲ ಮಳೆಯ ಮಣ್ಣಿನ ವಾಸನೆ. ಬಿಳಿ ಹುಳು ಆಗಲೂ ಅಲ್ಲೊಂದು ಇಲ್ಲೊಂದು ಇತ್ತು. ಅವು ಹೆಚ್ಚಾಗಿ ಕಪ್ಪು ನೊಣವೊಂದರ ಮರಿಗಳು, ಕಸವನ್ನು ತಿಂದು ಮುಗಿಸುವ ಕೆಲಸಗಾರರು. ಕಂಡು ಹೆದರಿ ಫಿನಾಯಿಲ್ ಸುರಿಯಬೇಡಿ.

ಒಣ ಕಸ, ಮತ್ತು ಹಾಲಿನ ಕವರಿನ ಮೂಲೆ

ಒಣ ಕಸಕ್ಕೆ ಒಂದೇ ಮಾತು: ಒಣಗಿರಲಿ. ಜಿಡ್ಡಿನ ಡಬ್ಬಿಯನ್ನು ಪಾತ್ರೆ ತೊಳೆದ ನೀರಿನಲ್ಲೇ ಒಮ್ಮೆ ಜಾಲಿಸಿದರೆ ಸಾಕು.

ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ. ಆದರೆ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಿ ಎಸೆಯುತ್ತೇವೆ. ಉಗುರಿನಷ್ಟು ಚೂರು. ಅದನ್ನು ಯಾರೂ ಹೆಕ್ಕುವುದಿಲ್ಲ, ಅದು ಗೊಬ್ಬರಕ್ಕೋ ಚರಂಡಿಗೋ ಹೋಗುತ್ತದೆ. ದಿನಕ್ಕೆ ಎರಡು ಕವರು, ವರ್ಷಕ್ಕೆ 730 ಚೂರು, ಒಂದೇ ಮನೆಯಿಂದ. ಮೂಲೆ ಕವರಿಗೇ ಅಂಟಿಕೊಂಡಿರುವ ಹಾಗೆ ಅರ್ಧ ಸೀಳು ಹಾಕಿದರೆ ಆಯ್ತು.

ಚಿಪ್ಸ್ ಪ್ಯಾಕೆಟ್‌ನಂಥವು ಬೇರೆ ಜಾತಿ. ಪ್ಲಾಸ್ಟಿಕ್ಕಿನ ಪದರ, ಅಲ್ಯೂಮಿನಿಯಂ ಪದರ ಒಟ್ಟಿಗೆ ಅಂಟಿರುತ್ತವೆ, ಬಿಡಿಸಲು ಬರುವುದಿಲ್ಲ. ಇಲ್ಲೂ ಬೆರಕೆ, ಆದರೆ ಮಾಡಿದ್ದು ಕಂಪನಿ. ಇವನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಕಳಿಸುತ್ತಾರೆ, ಅಲ್ಲಿ ಬಿಸಿ 1400 ಡಿಗ್ರಿ ದಾಟುತ್ತದೆ. ಅದೂ ತೀರಾ ಮೆಚ್ಚುವಂಥ ದಾರಿಯಲ್ಲ.

ಸಣ್ಣ ಡಬ್ಬಿ

ಮನೆಯಲ್ಲಿ ತೂಕಕ್ಕೆ ಕಡಿಮೆ, ಹಾನಿಗೆ ಜಾಸ್ತಿ ಇರುವ ಕಸಕ್ಕೆ ನಾನು ಒಂದು ಬಿಸ್ಕತ್ ಡಬ್ಬಿ ಇಟ್ಟಿದ್ದೇನೆ. ಸೆಲ್ಲು, ಬ್ಲೇಡು, ಹಳೇ ಮಾತ್ರೆ, ಸೊಳ್ಳೆ ಔಷಧಿಯ ಖಾಲಿ ರೀಫಿಲ್ಲು ಅದರೊಳಗೆ. ಸೆಲ್ಲುಗಳ ಎರಡೂ ತುದಿಗೆ ಟೇಪ್ ಅಂಟಿಸಿ. ಮೊಬೈಲಿನ ಉಬ್ಬಿದ ಬ್ಯಾಟರಿಯನ್ನಂತೂ ಕಸದ ಲಾರಿಗೆ ಕೊಡಲೇಬೇಡಿ. ಲಾರಿಯ ಯಂತ್ರ ಕಸವನ್ನು ಒತ್ತುವಾಗ ಅದು ಹೊತ್ತಿಕೊಳ್ಳುತ್ತದೆ. ಅದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಹಳೇ ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು ಒಡೆದರೆ ಏನು ಮಾಡುತ್ತೀರಿ? ನಾವೆಲ್ಲ ಮಾಡುವುದು ಪೊರಕೆ ತಂದು ಗುಡಿಸುವುದು. ಅದೇ ತಪ್ಪು. ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ, ಪೊರಕೆ ಅದನ್ನು ಮನೆಯೆಲ್ಲ ಹರಡುತ್ತದೆ. ಕಿಟಕಿ ತೆಗೆದು, ಫ್ಯಾನ್ ಆರಿಸಿ, ಮಕ್ಕಳನ್ನು ಕರೆದುಕೊಂಡು ಹತ್ತು ನಿಮಿಷ ಆಚೆ ಹೋಗಿ. ಬಂದು ಎರಡು ರಟ್ಟಿನ ತುಂಡಿನಿಂದ ಚೂರುಗಳನ್ನು ತಳ್ಳಿ ಎತ್ತಿ, ಪುಡಿಯನ್ನು ಟೇಪಿಗೆ ಅಂಟಿಸಿಕೊಳ್ಳಿ, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ ಬೇರೆಯಾಗಿ ಕೊಡಿ. ಪಾದರಸದ ಹಠ ಎಂಥದ್ದು ಎಂದು ಜಪಾನಿನ ಮಿನಮಾಟದವರನ್ನು ಕೇಳಬೇಕು. ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ, ಮೀನಿನಿಂದ ಜನಕ್ಕೆ ಹೋಗಿ, 1956ರಲ್ಲಿ ಮೊದಲು ಕಾಯಿಲೆಯಾಗಿ ಗುರುತಿಗೆ ಬಂತು.

ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ "ಗಾಜು" ಎಂದು ಬರೆಯಿರಿ. ಅದನ್ನು ಬಿಚ್ಚುವವರು ಯಂತ್ರವಲ್ಲ, ಬರಿಗೈಯ ಮನುಷ್ಯರು.

"ಕೊನೆಗೆ ಎಲ್ಲ ಒಂದೇ ಲಾರಿಗೆ ಹಾಕ್ತಾರೆ"

ಈ ಮಾತು ಹೇಳದ ಬೆಂಗಳೂರಿಗರಿಲ್ಲ. ಸುಳ್ಳೂ ಅಲ್ಲ. ನಾನು ಬೇರೆ ಬೇರೆ ಕೊಟ್ಟದ್ದನ್ನು ಒಂದೇ ಗಾಡಿಯಲ್ಲಿ ಬೆರೆಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಕಾನೂನಿಗೇನೂ ಕೊರತೆಯಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2000ದಲ್ಲಿ ದೇಶಕ್ಕೆ ನಗರ ಕಸದ ಮೊದಲ ನಿಯಮ ಬಂತು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲ ಎಂದು ಹೇಳಿತು: ಹಸಿರು ಬುಟ್ಟಿಗೆ ಹಸಿ, ಕೆಂಪು ಬುಟ್ಟಿಗೆ ಸ್ಯಾನಿಟರಿ, ಚೀಲಕ್ಕೆ ಒಣ. 2016ರ ನಿಯಮ ಮೂಲದಲ್ಲೇ ವಿಂಗಡಿಸುವುದು ಪ್ರತಿ ಮನೆಯ ಹೊಣೆ ಎಂದಿತು.

ಆದರೂ ಲಾರಿಯ ವಾದಕ್ಕೆ ನನ್ನ ಉತ್ತರ ಹೀಗಿದೆ. ಬೇರೆ ಮಾಡಿದ್ದನ್ನು ಆಮೇಲೆ ಬೆರೆಸಬಹುದು. ಬೆರೆಸಿದ್ದನ್ನು ಆಮೇಲೆ ಬೇರೆ ಮಾಡಲು ಆಗುವುದಿಲ್ಲ, ಎಷ್ಟು ಕೋಟಿ ಸುರಿದರೂ ಪೂರ್ತಿ ಆಗುವುದಿಲ್ಲ. ಹಳೇ ಗುಡ್ಡೆಗಳನ್ನು ಅಗೆದು ಜರಡಿ ಹಿಡಿಯುವ ಕೆಲಸ ಈಗ ಎಲ್ಲ ಕಡೆ ನಡೆಯುತ್ತಿದೆ. ಸಿಗುವುದು ಪ್ಲಾಸ್ಟಿಕ್ ಚೂರು ಸೇರಿದ ಮಣ್ಣು, ಮಣ್ಣು ಮೆತ್ತಿದ ಪ್ಲಾಸ್ಟಿಕ್ಕು. ಆಮೇಲೆ, ಸಣ್ಣ ಊರುಗಳಲ್ಲಿ ಇದು ಆಗುತ್ತಿದೆ. ಕುಂದಾಪುರ ಕಡೆಯ ವಂಡ್ಸೆ ಗ್ರಾಮ ಪಂಚಾಯಿತಿ ಮನೆಮನೆಯ ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುವುದಕ್ಕೇ ಹೆಸರಾಗಿದೆ. ಅಲ್ಲಿ ಲಾರಿ ಬೆರೆಸಿದರೆ ಯಾರ ಲಾರಿ ಎಂದು ಊರಿಗೇ ಗೊತ್ತಾಗುತ್ತದೆ, ಅದೇ ವ್ಯತ್ಯಾಸ.

ಕಸ ಹೂಳುವ ಜಾಗ ಬೇಡವೇ ಬೇಡ ಅಂತಲೂ ಅಲ್ಲ. ಸರಿಯಾದ ಲ್ಯಾಂಡ್‌ಫಿಲ್ಲಿಗೆ ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಸು, ರಸ ಹಿಡಿಯಲು ಪೈಪು, ಗ್ಯಾಸ್ ಹೊರಹೋಗಲು ಕೊಳವೆ ಇರಬೇಕು. ಅಷ್ಟು ಮಾಡಿ ಅಲ್ಲಿಗೆ ಹಾಕಬೇಕಾದದ್ದು ಬೇರೆ ಯಾವುದಕ್ಕೂ ಬಾರದ ಒಣ ಉಳಿಕೆ ಮಾತ್ರ. ಅನ್ನಕ್ಕೆ, ಹುರುಳಿಕಾಯಿ ನಾರಿಗೆ ಅಲ್ಲಿ ಜಾಗವಿಲ್ಲ.

ಮೊನ್ನೆ ನಮ್ಮ ಮನೆಯ ಅಂಥ ಉಳಿಕೆಯನ್ನು ತೂಗಿ ನೋಡಿದೆ. ಒಂದು ವಾರದ್ದು, ಒಂದು ಸಣ್ಣ ಪೇಪರ್ ಪೊಟ್ಟಣ. ಅಕ್ಕ ಅದನ್ನು ಈಗಲೂ ಮೊದಲು ಮೇಲೆತ್ತಿ ಅಲ್ಲಾಡಿಸಿ ನೋಡುತ್ತಾರೆ. ಸದ್ದಿಲ್ಲ, ಸೋರುವುದಿಲ್ಲ. ಏನೂ ಹೇಳದೆ ಗಾಡಿಗೆ ಹಾಕಿ, ಪಕ್ಕದ ಮನೆಯ ಬೆಲ್ ಒತ್ತುತ್ತಾರೆ.